ಪೂರ್ತಿ ಒಂದು ನಿಮಿಷ

ಸಿಸ್ಟರ್ ತೀರಿಕೊಂಡು ಇವತ್ತಿಗೆ ಹದಿನೈದು ದಿನ. ಅವರನ್ನು ನಾನು ಯಾವತ್ತೂ ಹೆಸರು ಹಿಡಿದು ಕರೆದವನಲ್ಲ, ಇಲ್ಲಿಯೂ ಕರೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಹೆಂಗಸಾದರೆ ಸಿಸ್ಟರ್, ಗಂಡಸಾದರೆ ಬ್ರದರ್. ಊರಲ್ಲಿ ಯಾವ ಆಸ್ಪತ್ರೆಗೆ ಹೋದರೂ ಹಾಗೇ. ನ್ಯೂಜಿಲೆಂಡಿನಲ್ಲಿ ಎಂಬತ್ತರ ಅಜ್ಜನನ್ನೂ ಹೆಸರು ಹಿಡಿದೇ ಕರೆಯಬೇಕು, ಅದು ನನಗೆ ಇನ್ನೂ ಬಾಯಿಗೆ ಹತ್ತಿಲ್ಲ. ಒಂಬತ್ತು ವರ್ಷದ ಹಿಂದೆ ಟೌರಂಗಾದ ಈ ರೆಸ್ಟ್‌ಹೋಮಿನಲ್ಲಿ, ಅಂದರೆ ವಯಸ್ಸಾದವರ ಆರೈಕೆ ಮನೆಯಲ್ಲಿ, ಕೆಲಸಕ್ಕೆ ಸೇರಿದ ದಿನ ಹಿರಿಯ ನರ್ಸೊಬ್ಬರು ನನ್ನ ಬ್ಯಾಡ್ಜ್ ಓದಿ, "ಮೈಸೂರ ಕಡೇ ಮಂದಿ ಏನ್ರಿ, ಬ್ರದರ್?" ಎಂದು ಗದಗಿನ ಕನ್ನಡದಲ್ಲಿ ಕೇಳಿದಾಗ ನನಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷ ನಾಲ್ಕು ದಿನ ಬಾಳಿತು.

ಐದನೆಯ ದಿನ ಮಧ್ಯಾಹ್ನ ನಾನು ತುಂಬಿಸಿದ ಚಾರ್ಟುಗಳನ್ನೆಲ್ಲ ಅವರು ಮೇಜಿನ ಮೇಲೆ ಹರವಿಕೊಂಡು ಕೂತಿದ್ದರು. ಜ್ವರ, ನಾಡಿ, ಬಿ.ಪಿ. ಎಲ್ಲ ಸರಿಯಾಗಿತ್ತು. ಉಸಿರಿನ ಕಾಲಮ್ಮಿನಲ್ಲಿ ಮಾತ್ರ ಹನ್ನೆರಡು ಜನಕ್ಕೂ ಹದಿನೆಂಟು ಎಂದು ಬರೆದಿತ್ತು. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಎಂದು ಎಣಿಸಬೇಕಾದರೆ ಪೂರ್ತಿ ಒಂದು ನಿಮಿಷ ಮನುಷ್ಯನ ಎದೆ ನೋಡುತ್ತ ನಿಲ್ಲಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ನೋಡಲಿಕ್ಕೆ ಚೆನ್ನಾಗಿ ಕಂಡರೆ ಹದಿನೆಂಟು ಎಂದು ಗೀಚಿ ಮುಂದಕ್ಕೆ ಹೋಗುವುದು ನನ್ನ ಕೈಗೆ ಕೂತ ಅಭ್ಯಾಸ. ಇದನ್ನು ಓದುತ್ತಿರುವವರಲ್ಲಿ ನರ್ಸುಗಳಿದ್ದರೆ ಈಗ ತಲೆ ತಗ್ಗಿಸಿ ನಗುತ್ತಿರುತ್ತಾರೆ.

"ಇವ್ರೆಲ್ಲಾರೂ ಒಂದ ಭಜನಾ ಮೇಳದಾಗ ಅದಾರೇನು?" ಎಂದು ಕೇಳಿದರು ಸಿಸ್ಟರ್. "ತಾಳ ಹಿಡದು ಉಸರಾಡಾಕತ್ತಾರ."

"ನೋಡಿದೆ ಸಿಸ್ಟರ್. ಎಲ್ಲಾರೂ ನಾರ್ಮಲ್ ಆಗೇ ಇದ್ರು."

"ನಾರ್ಮಲ್ ಅನ್ನೂದು ಯಾರ ಹೆಸರೂ ಅಲ್ಲ. ಆರನೇ ರೂಮಿನ ಅಜ್ಜಂದು ಎಣಸಿ ಬಾ. ಪೂರ್ತಿ ಒಂದು ನಿಮಿಷ."

ಎಣಿಸಿದೆ. ಇಪ್ಪತ್ತಾರು ಬಂತು. ನಂಬಿಕೆಯಾಗದೆ ಇನ್ನೊಂದು ಸಲ ಎಣಿಸಿದೆ, ಮತ್ತೂ ಇಪ್ಪತ್ತಾರು. ಸಂಜೆಗೆ ಡಾಕ್ಟರು ಬಂದು ಅಜ್ಜನ ಎದೆಯಲ್ಲಿ ಕಫ ಕಟ್ಟುತ್ತಿದೆ ಎಂದು ಔಷಧಿ ಶುರು ಮಾಡಿದರು, ಅಜ್ಜ ಉಳಿದುಕೊಂಡರು. ಸಿಸ್ಟರ್ ನನ್ನ ಹದಿನೆಂಟರ ವಿಷಯವನ್ನು ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ನಾನು "ಬ್ರದರ್, ರೀ" ಆಗಿದ್ದವನು "ತಮ್ಮಾ, ನೀ" ಆದೆ. ಬಡ್ತಿಯೋ ಹಿಂಬಡ್ತಿಯೋ ಎಂದು ಬಹಳ ದಿನ ಗೊತ್ತಾಗಲಿಲ್ಲ.

ಸಿಸ್ಟರ್ ಗಿಡ್ಡ ಆಳು, ಅಗಲ ಹೆಜ್ಜೆ. ಮೈಮೇಲೆ ಹಳದಿ ರೇನ್‌ಕೋಟು, ಕಾಲಿಗೆ ಮೊಣಕಾಲುದ್ದ ಗಮ್‌ಬೂಟು. ಕೋಟಿನ ಎದೆಗೆ ತಲೆಕೆಳಗಾಗಿ ನೇತಾಡುವ ನರ್ಸುಗಳ ಗಡಿಯಾರ. ನಿವೃತ್ತರಾದ ಮೇಲೂ ಅದನ್ನು ತೆಗೆಯಲಿಲ್ಲ. ಜೇಬಿನಲ್ಲಿ ಪೇಪರಿನಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಯಾರನ್ನೇ ಕಂಡರೂ ಎರಡೂ ಕೈಯಿಂದ ಕೈ ಹಿಡಿದುಕೊಳ್ಳುತ್ತಿದ್ದರು, ಬಿಡುತ್ತಲೇ ಇರಲಿಲ್ಲ. ಎಂಥ ಅಕ್ಕರೆಯ ಹೆಂಗಸು ಎಂದು ಜನ ಕರಗುತ್ತಿದ್ದರು. ಅಕ್ಕರೆ ಇದ್ದದ್ದು ನಿಜ, ಆದರೆ ಅವರು ಅಷ್ಟು ಹೊತ್ತೂ ನಾಡಿ ಎಣಿಸುತ್ತಿದ್ದರು ಎನ್ನುವುದು ನಮಗೆ ಕೆಲವರಿಗೆ ಮಾತ್ರ ಗೊತ್ತಿತ್ತು.

ಕಾರಿಲ್ಲದೆ ಹಾಲು ತರಲಿಕ್ಕೂ ಆಗದ ಈ ಊರಿನಲ್ಲಿ ಸಿಸ್ಟರ್ ನಡೆದೇ ಓಡಾಡಿದರು. ಕನ್ನಡದವರು ಯಾರಾದರೂ ಕಾರು ನಿಲ್ಲಿಸಿ "ಬನ್ನಿ ಆಂಟಿ, ಡ್ರಾಪ್ ಮಾಡ್ತೀವಿ" ಎಂದರೆ, "ಬ್ಯಾಡವಾ, ನಾ ನೋಡಕೋಂತ ಹೊಂಟೇನಿ" ಎನ್ನುತ್ತಿದ್ದರು. ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಬೇಕಾಗಿರಲಿಲ್ಲ. ಊರಿನ ಅಂಚಿನಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ಇದೆ. ನೀರು ಇಳಿದಾಗ ಮೈಲುಗಟ್ಟಲೆ ಕೆಸರು, ಏರಿದಾಗ ದಂಡೆ ಮುಟ್ಟುವ ನೀರು, ಸುತ್ತ ಮ್ಯಾಂಗ್ರೋವ್ ಗಿಡ. ಪೇಟೆಯ ಜನ ಕಾರಿನಲ್ಲಿ ಹೋಗುವಾಗ ವಾಸನೆ ಎಂದು ಗಾಜು ಏರಿಸಿಕೊಳ್ಳುವ ಜಾಗ. ಸಿಸ್ಟರ್ ಇಪ್ಪತ್ತು ವರ್ಷ ಪ್ರತಿ ಬೆಳಿಗ್ಗೆ ಅಲ್ಲಿಗೆ ಹೋದರು, ಕಂಡದ್ದನ್ನು ಬರೆದರು.

ಬರೆಯುವುದಕ್ಕೆ ಒಂದು ಕ್ರಮವಿತ್ತು. ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಅನಿಸಿದ್ದು. ಎಡ ಪುಟ ಯಾವಾಗಲೂ ತುಂಬಿರುತ್ತಿತ್ತು. ಬಲ ಪುಟ ವಾರಗಟ್ಟಲೆ ಖಾಲಿ. "ಕಂಡಿದ್ದರ ಮ್ಯಾಲೆ ಅನಿಸಿದ್ದು ಕೂತ್ಕೋಬಾರದು" ಎನ್ನುತ್ತಿದ್ದರು. ಒಂದು ಎಡ ಪುಟ ನನಗೆ ಬಾಯಿಪಾಠ ಬರುತ್ತದೆ: "ನೀರು ಇಳಿತ. ಬೂದು ಕೊಕ್ಕರೆ ಒಂದು, ಎಡಗಾಲ ಮೇಲೆ. ಹನ್ನೆರಡು ನಿಮಿಷ ಅಲುಗಲಿಲ್ಲ." ಬಲಗಡೆ ಇಷ್ಟೇ: "ನಾನೂ ಹನ್ನೆರಡು ನಿಮಿಷ ಅಲುಗಲಿಲ್ಲ. ಆಮೇಲೆ ನೋಡುತ್ತಿದ್ದವರು ಯಾರು ಎಂದು ಹೇಳುವುದು ಕಷ್ಟವಾಯಿತು."

ಅವರ ಮನೆಯವರು ಗದಗಿನಲ್ಲಿ ಮೂರು ತಲೆಮಾರಿನಿಂದ ಚರ್ಚಿನವರು. ಕ್ರಿಸ್‌ಮಸ್ಸಿಗೆ ಸಿಸ್ಟರೂ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು, ನಮ್ಮ ಮನೆಯ ಸತ್ಯನಾರಾಯಣ ಪೂಜೆಗೂ ಬಂದು ಸಪಾದ ಪ್ರಸಾದ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಉಳಿದ ಭಾನುವಾರವೆಲ್ಲ ಅಳಿವೆ. ನನ್ನ ಹೆಂಡತಿ ಒಮ್ಮೆ ಸಲಿಗೆಯಿಂದ ಕೇಳಿದಳು, "ಆಂಟಿ, ಅಲ್ಲಿ ಕೆಸರಲ್ಲಿ ದೇವರು ಸಿಗ್ತಾನಾ?" ಸಿಸ್ಟರ್ ಯೋಚನೆ ಮಾಡಿ ಹೇಳಿದರು, "ಸಿಗ್ತಾನೋ ಇಲ್ಲೋ, ನನಗ ಗೊತ್ತಿಲ್ಲವಾ. ಅಲ್ಲಿ ಕುಂತಾಗ ಹುಡುಕೂ ಗರಜ ಬೀಳೂದಿಲ್ಲ."

ನಿವೃತ್ತರಾದ ವರ್ಷ ಅವರು ಮೂರು ಬೆಡ್‌ರೂಮಿನ ಮನೆ ಮಾರಿ ಅಳಿವೆಗೆ ಮೂರು ನಿಮಿಷದ ದೂರದಲ್ಲಿ, ಯಾರದೋ ಹಿತ್ತಲಿನ ಒಂಟಿ ಕೋಣೆಗೆ ಬಾಡಿಗೆಗೆ ಹೋದರು. ಇಲ್ಲಿ ಅದಕ್ಕೆ ಸ್ಲೀಪ್‌ಔಟ್ ಎನ್ನುತ್ತಾರೆ. ನಮ್ಮವರ ಬಾಯಲ್ಲಿ ಅದು ಎರಡೇ ದಿನದಲ್ಲಿ ಗ್ಯಾರೇಜ್ ಆಯಿತು. "ಆಂಟಿ ಗ್ಯಾರೇಜಿಗೆ ಹೋದ್ರಂತೆ" ಎಂಬ ಸುದ್ದಿ ಪಾಮರ್ಸ್ಟನ್ ನಾರ್ತಿನಲ್ಲಿದ್ದ ಅವರ ಮಗಳಿಗೆ ತಲುಪಿ, ಮಗಳು ಗಾಬರಿಯಿಂದ ಕಾರು ಓಡಿಸಿಕೊಂಡು ಬಂದಳು. ಬಂದವಳಿಗೆ ಸಿಸ್ಟರ್ ಕಿಟಕಿ ತೆಗೆದು ತೋರಿಸಿದರಂತೆ: ಮ್ಯಾಂಗ್ರೋವ್, ಅದರಾಚೆ ನೀರು. ಮಗಳು ಎರಡು ದಿನ ಇದ್ದು, ಚೆನ್ನಾಗಿ ನಿದ್ದೆ ಮಾಡಿ, ವಾಪಸು ಹೋದಳು.

ಕಿಟಕಿ ಅವರಿಗೆ ದೊಡ್ಡ ವಿಷಯ. ಒಂದು ಯುಗಾದಿ ಕೂಟದಲ್ಲಿ ನಮ್ಮವರೊಬ್ಬರು ಹೊಸ ಮನೆಯ ಫೋಟೊಗಳನ್ನು ಎಲ್ಲರಿಗೂ ತೋರಿಸುತ್ತ ಬಂದರು. ಅಡುಗೆಮನೆ, ಬಾತ್‌ರೂಮು, ಎರಡು ಕಾರಿನ ಗ್ಯಾರೇಜು. ಸಿಸ್ಟರ್ ಎಲ್ಲವನ್ನೂ ನೋಡಿ, "ಕಿಟಕ್ಯಾಗಿಂದ ಏನ್ ಕಾಣ್ತೈತಿ?" ಎಂದು ಕೇಳಿದರು. ಆ ಮನುಷ್ಯ ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ. ಮನೆ ಕೊಂಡು ಏಳು ತಿಂಗಳಾಗಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಹೀಗೆ ಕೇಳಿ ಕೇಳಿ ಸಿಸ್ಟರ್ ಕೆಲವು ಮನೆಗಳ ಆಮಂತ್ರಣ ಕಳೆದುಕೊಂಡರು. ಅವರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಅವರ ಬರಹ ಪುಸ್ತಕವಾಗಿ ಬರಲಿಲ್ಲ. ಶನಿವಾರಕ್ಕೊಂದು ಪುಟ ಕೈಯಲ್ಲಿ ಬರೆದು, ಫೋಟೊ ತೆಗೆದು, ಊರಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ತಲೆಬರಹ ‘ಹ್ಯಾಂಡೋವರ್’. ಶಿಫ್ಟ್ ಮುಗಿಸಿ ಹೋಗುವ ನರ್ಸು ಬರುವ ನರ್ಸಿಗೆ ಒಬ್ಬೊಬ್ಬರ ಸ್ಥಿತಿಯನ್ನೂ ಒಪ್ಪಿಸುತ್ತಾಳಲ್ಲ, ಆ ಧಾಟಿ. "ಕೊಕ್ಕರೆ: ಎರಡು ಸಲ ಪ್ರಯತ್ನಿಸಿ ಒಂದು ಸಲ ಉಂಡಿತು. ಏಡಿಗಳು: ಗಾಬರಿ, ಕಾರಣ ಕೊಕ್ಕರೆ. ಮ್ಯಾಂಗ್ರೋವ್: ಹೂ ಬಿಟ್ಟಿದೆ, ದೂರು ಏನಿಲ್ಲ. ನೀರು: ಇಳಿಯುತ್ತಿದೆ, ನಿಗಾ ಇಡಬೇಕು." ಹಳೇ ಫ್ರಿಜ್ ಮಾರಾಟಕ್ಕಿದೆ, ಒಬ್ಬಟ್ಟಿಗೆ ಆರ್ಡರ್ ಕೊಡಿ ಎನ್ನುವುದರ ನಡುವೆ ಈ ಪುಟ. ಬಂದ ಕೂಡಲೇ ಹತ್ತು ಹನ್ನೆರಡು ಹೆಬ್ಬೆರಳು ಬೀಳುತ್ತಿದ್ದವು. ಒಂದು ಶನಿವಾರ ಪುಟದ ಮಧ್ಯೆ ಸಿಸ್ಟರ್ ಸೇರಿಸಿದರು: "ಹುಲಿ: ಒಂದು, ಬೆಂಚಿನ ಹತ್ತಿರ. ಹಸಿವೆ ಚೆನ್ನಾಗಿದೆ." ಅವತ್ತೂ ಹನ್ನೊಂದು ಹೆಬ್ಬೆರಳು. ಅದರಲ್ಲಿ ಒಂದು ನನ್ನದು. ಸಂಜೆ ಫೋನ್ ಬಂತು. "ತಮ್ಮಾ, ಹುಲಿ ನೋಡಾಕ ಯಾವಾಗ ಬರ್ತಿ?" ನಾನು ಹೌಹಾರಿ ಪುಟ ತೆಗೆದು ಓದಿದೆ. ಆ ಕಡೆ ಅವರು ನಗುತ್ತಲೇ ಇದ್ದರು. ಅವರ ನಗು ಶುರುವಾದರೆ ಕೆಮ್ಮು ಬರುವ ತನಕ ನಿಲ್ಲುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಅಳಿಸಿಹೋಗುವ, ವಯಸ್ಸಿಗೆ ಬರುವ ಕಾಯಿಲೆ. ಎದುರಿಗಿದ್ದವರ ಮುಖ ಕಾಣದು, ಪಕ್ಕದ ಗೋಡೆ ಕಾಣುತ್ತದೆ. ಸಿಸ್ಟರ್ ಹೇಳಿದರು, "ನಡುವಿಂದು ಹೋತು, ಅಂಚು ಉಳದೈತಿ. ಹಕ್ಕಿ ಇರೂದು ಅಂಚಿನ್ಯಾಗ." ಆದರೆ ಬರೆಯಲಾಗುತ್ತಿರಲಿಲ್ಲ, ಎಣಿಸಲಾಗುತ್ತಿರಲಿಲ್ಲ. ಎದೆಯ ಮೇಲಿನ ಗಡಿಯಾರವನ್ನು ಬಿಚ್ಚಿ ನನ್ನ ಶರ್ಟಿಗೆ ಚುಚ್ಚಿ, ಇನ್ನು ನೀನು ನೋಡು, ನಾನು ಹೇಳುತ್ತೇನೆ, ನೀನು ಬರಿ ಎಂದರು. ಅವರಿಗೆ ಒಂದೇ ಆಸೆ ಇತ್ತು. ಅಳಿವೆಯ ಒಂದು ಇಡೀ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಇರಬೇಕು, ಅದು ಕುವಾಕಾಗಳು ಹೊರಡುವುದರೊಂದಿಗೆ ಮುಗಿಯಬೇಕು.

ಕುವಾಕಾ ಎಂದರೆ ಉದ್ದ ಕೊಕ್ಕಿನ ಕಂದು ಹಕ್ಕಿ, ನೋಡಲು ಏನೂ ವಿಶೇಷವಿಲ್ಲ. ಇಲ್ಲಿನ ಬೇಸಿಗೆಯೆಲ್ಲ ಕೆಸರು ಕೆದಕಿ ತಿಂದು ಮೈ ತುಂಬಿಸಿಕೊಳ್ಳುತ್ತದೆ. ಮಾರ್ಚಿನಲ್ಲಿ, ಸಾಮಾನ್ಯವಾಗಿ ಸಂಜೆ ಹೊತ್ತು, ಗುಂಪು ಗುಂಪಾಗಿ ಎದ್ದು ಅಲಾಸ್ಕಾದ ದಾರಿ ಹಿಡಿಯುತ್ತದೆ. ಸೆಪ್ಟೆಂಬರಿನಲ್ಲಿ ಸಾಗರದ ಮೇಲೆ ಎಲ್ಲೂ ಇಳಿಯದೆ ವಾಪಸು ಬರುತ್ತದೆ. ನಮ್ಮ ಹಾಗೇ ವಲಸೆ ಬಂದವು ಎಂದು ಒಮ್ಮೆ ನಾನು ಭಾವುಕನಾಗಿ ಹೇಳಿದ್ದೆ. "ಅವಕ್ಕ ವೀಸಾ ಬ್ಯಾಡ, ನಮಗ ರೆಕ್ಕಿ ಇಲ್ಲ. ಹೋಲಸಬ್ಯಾಡ" ಎಂದು ಬಾಯಿ ಮುಚ್ಚಿಸಿದ್ದರು. ಇಷ್ಟು ವರ್ಷ ಅಲ್ಲಿಗೆ ಹೋದವರು ಆ ಹಕ್ಕಿಗಳು ಹೊರಡುವ ಗಳಿಗೆಯನ್ನು ಮಾತ್ರ ಕಂಡಿರಲಿಲ್ಲ. ಕೆಲಸದಲ್ಲಿದ್ದಾಗ ಅವರಿಗೆ ಯಾವಾಗಲೂ ಮಧ್ಯಾಹ್ನದ ಶಿಫ್ಟು. ನಿವೃತ್ತರಾದ ಮೇಲೆ ಒಂದು ವರ್ಷ ಮಳೆ, ಇನ್ನೊಂದು ವರ್ಷ ಮಗಳ ಬಾಣಂತನ. ಈಗ ಕಣ್ಣೇ ಇಲ್ಲ. ಹಾಗಾಗಿ ಅದನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಕಳೆದ ವರ್ಷ ಮಾರ್ಚಿನಲ್ಲಿ ದಿನಾ ಸಂಜೆ ಅವರು ನನ್ನ ಮೊಣಕೈ ಹಿಡಿದುಕೊಂಡು ಬೆಂಚಿನ ತನಕ ಬರುತ್ತಿದ್ದರು. ಎರಡನೆಯ ವಾರ ಅವರಿಗೆ ಕೆಮ್ಮು, ಹೊರಗೆ ಬರುವಂತಿರಲಿಲ್ಲ. ನಾನೇ ಹೋಗಿ ನೋಡಿ ಫೋನಿನಲ್ಲಿ ಹೇಳಬೇಕೆಂದು ಮಾತಾಯಿತು. ಮೂರು ದಿನ ಸರಿಯಾಗಿ ಮಾಡಿದೆ. ನಾಲ್ಕನೆಯ ದಿನ ಇಬ್ಬರು ರಜೆ, ಎರಡು ಶಿಫ್ಟ್ ಒಟ್ಟಿಗೆ ಮಾಡಿ ಮನೆಗೆ ಬಂದವನು ಸೋಫಾ ಮೇಲೆ ಬಿದ್ದುಕೊಂಡೆ. ಎದ್ದಾಗ ಏಳು ಗಂಟೆ. ಫೋನ್ ತೆಗೆದುಕೊಂಡೆ.

"ಹೋಗಿದ್ದೆ ಸಿಸ್ಟರ್. ಎಂದಿನ ಹಾಗೇ. ಆರು ಗಂಟೆವರೆಗೂ ಇದ್ದೆ. ಇನ್ನೂರು ಇರಬಹುದು, ಕೆಸರಲ್ಲಿ ಮೇಯ್ತಾ ಇದ್ವು."

ಸಿಸ್ಟರ್ ಮೆಲ್ಲಗೆ ಕೇಳಿದರು, "ಕೆಸರು ಎಲ್ಲಿತ್ತೋ ತಮ್ಮಾ? ಆರಕ್ಕ ನೀರು ದಂಡೀಗೆ ಬಂದಿತ್ತು."

ನಾನು ಸೋಫಾದಿಂದ ಎದ್ದು ನಿಂತೆ.

"ಐದೂವರೀಗೆ ನನ್ನ ಮಾಳಿಗಿ ಮ್ಯಾಲೆ ಹಾದು ಹೋದ್ವು. ಕೂಗಕೋಂತ ಹೋದ್ವು. ಹದಿನೆಂಟು ಬರದಿ ನೋಡು, ಮತ್ತ." ಫೋನ್ ಇಟ್ಟರು.

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ. ಆ ನೋಟ್‌ಬುಕ್ಕು ಅವರಿಗೆ ಎಷ್ಟೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಅದರ ಕೊನೆಯ ಪುಟವನ್ನು ನಾನೇ ಸುಳ್ಳು ಮಾಡಲು ಹೊರಟಿದ್ದೆ. ಮಾರನೆಯ ದಿನ ಬೈಸಿಕೊಳ್ಳಲು ಸಿದ್ಧನಾಗಿ ಹೋದರೆ ಸಿಸ್ಟರ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಖುಷಿಯಾಗಿ ಕೂತಿದ್ದರು. ಕೆಮ್ಮು ಕಮ್ಮಿಯಾಗಿತ್ತು. ಕೈ ಹಿಡಿದು, ನನ್ನ ಶರ್ಟಿನ ಗಡಿಯಾರದ ಟಿಕ್ ಟಿಕ್‌ಗೆ ಕಿವಿಗೊಟ್ಟು ನಾಡಿ ಎಣಿಸಿ, "ನೂರಾ ನಾಲ್ಕು. ಹೆದರೀದಿ ಅಂದಂಗಾತು. ಕುಂದ್ರು, ಬರಿ" ಎಂದರು. ಎಡ ಪುಟಕ್ಕೆ ಹೇಳಿ ಬರೆಸಿದರು: "ಕಂಡದ್ದು: ಇಲ್ಲ. ಕೇಳಿದ್ದು: ಸಂಜೆ ಐದೂವರೆ, ತಲೆಯ ಮೇಲೆ, ಬಡಗಣ ದಿಕ್ಕಿಗೆ. ಮೊದಲು ಕೂಗು, ಆಮೇಲೆ ರೆಕ್ಕೆ, ಆಮೇಲೆ ಕೂಗು ಮಾತ್ರ." ಬಲ ಪುಟಕ್ಕೆ: "ಕಣ್ಣಿದ್ದವನು ಮಲಗಿದ್ದ, ಕಣ್ಣಿಲ್ಲದವಳು ಎಚ್ಚರವಿದ್ದಳು. ಹಕ್ಕಿ ಇಬ್ಬರನ್ನೂ ಕಾಯಲಿಲ್ಲ." ಅದನ್ನು ನನ್ನ ಕೈಯಿಂದಲೇ ಬರೆಸಿದ್ದು ಅವರು ಕೊಟ್ಟ ಶಿಕ್ಷೆ. ಬರೆಸಿ, ಕೆಮ್ಮು ಬರುವ ತನಕ ನಕ್ಕರು.

"ಇನ್ನೂ ಗುಂಪು ಅದಾವು. ನಾಳಿಂದ ನಾನೂ ಬರ್ತೇನಿ" ಎಂದರು.

ಹದಿಮೂರನೆಯ ಸಂಜೆ ಅದು ಆಯಿತು. ತುಂಬಿದ ನೀರು, ದಂಡೆಯ ಚಿಪ್ಪಿನ ದಿಬ್ಬದ ಮೇಲೆ ಒತ್ತಾಗಿ ನಿಂತ ಹಕ್ಕಿಗಳು. ಅವು ಗಲಾಟೆ ಶುರು ಮಾಡಿದವು. ಸಿಸ್ಟರ್ ನನ್ನ ಮೊಣಕೈ ಬಿಗಿ ಹಿಡಿದು, "ಹೇಳು, ಹೇಳು" ಎಂದರು. ಹೇಳಿದೆ: ಒಂದೇ ಸಲ ಏಳಲಿಲ್ಲ, ಬಲ ಅಂಚಿನಿಂದ ಶುರುವಾಯಿತು. ನಲವತ್ತೆಂಟು, ಎರಡು ಸಲ ಎಣಿಸಿದೆ. ಒಂದು ಸುತ್ತು ಹಾಕಿದವು. ಮೂರು ಹಕ್ಕಿ ವಾಪಸು ಬಂದು ಕೂತವು. ಉಳಿದವು ಉದ್ದ ಗೆರೆಯಾದವು. ಗೆರೆ ಸಣ್ಣಗಾಯಿತು.

"ಯಾಕ ಸುಮ್ಮನಾದಿ?"

"ಕಾಣ್ತಾ ಇಲ್ಲ ಸಿಸ್ಟರ್. ಕಣ್ಣು ಮಂಜಾಗಿದೆ."

"ಒರಸಿಕೊಂಡು ಹೇಳು" ಎಂದರು, ಅವರ ಕಣ್ಣನ್ನೂ ಒರೆಸಿಕೊಳ್ಳುತ್ತ. "ಹಿಂತಾದ್ದೇನರ ಇದ್ರ ಬಲಗಡೆ ಬರಿ." ಆಮೇಲೆ ಬೆಂಚಿನ ಮೇಲೆ ಕೂತು ಇಬ್ಬರೂ ರೊಟ್ಟಿ ತಿಂದೆವು. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಚಳಿಗಾಲ ಕಳೆದ ಮೇಲೆ ಸಿಸ್ಟರ್ ನಡೆಯಲಾಗದೆ ನಮ್ಮ ರೆಸ್ಟ್‌ಹೋಮಿಗೇ ಬಂದರು. ಮಗಳು ತನ್ನ ಊರಿಗೆ ಕರೆದರೂ ಒಪ್ಪಲಿಲ್ಲ. ಸಿಕ್ಕಿದ್ದು ನಾಲ್ಕನೇ ರೂಮು. ಕಿಟಕಿಯಿಂದ ಕಾಣುವುದು ಕಾರ್ ಪಾರ್ಕು, ಕಸದ ತೊಟ್ಟಿಗಳು. ನನಗೆ ಹೇಳಲು ಸಂಕೋಚ. ಅವರೇ ಕೇಳಿದರು, "ಕಿಟಕ್ಯಾಗಿಂದ ಏನ್ ಕಾಣ್ತೈತಿ?" ಇದ್ದದ್ದನ್ನು ಹೇಳಿದೆ. "ಕಸದ ತೊಟ್ಟಿ ಅಂದ್ರ ಗುಬ್ಬಿ ಇರ್ತಾವು. ಎಣಸು" ಎಂದರು. ಒಂಬತ್ತು ಇದ್ದವು.

ಈ ಮಾರ್ಚಿನಲ್ಲಿ ಅವರ ಮಾತು ಕಮ್ಮಿಯಾಯಿತು. ಮಗಳು ಬಂದು ಹಾಸಿಗೆಯ ಪಕ್ಕದಲ್ಲೇ ಇದ್ದಳು. ನಾನು ಪ್ರತಿ ಸಂಜೆ ಶಿಫ್ಟ್ ಮುಗಿಸಿ ಅಳಿವೆಗೆ ಹೋಗಿ ನೋಡಿ, ವಾಪಸು ಬಂದು ಅವರ ಕಿವಿಯ ಹತ್ತಿರ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗುತ್ತಿದ್ದೆ. ಕೊನೆಯ ಸಂಜೆ ಎಂದು ನಮಗೆಲ್ಲ ಅನ್ನಿಸಿದ ದಿನವೂ ಹೋದೆ. ನೀರು ತುಂಬಿತ್ತು, ಗಾಳಿ ಸರಿಯಿತ್ತು, ಹಕ್ಕಿಗಳು ದಿಬ್ಬದ ಮೇಲೆ ಗಲಾಟೆ ಮಾಡಿದವು. ಒಂದೂವರೆ ಗಂಟೆ ಕಾದೆ. ಒಂದೂ ಏಳಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ: ಹೊರಟವು ಎಂದು ಹೇಳಿಬಿಡಲೇ? ಐವತ್ತು ಹಕ್ಕಿ, ಉದ್ದ ಗೆರೆ, ಬಡಗಣ ದಿಕ್ಕು. ಕಣ್ಣು ಮುಚ್ಚುವವರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ರೂಮಿಗೆ ಬಂದು ಕೂತೆ. ಗಡಿಯಾರ ಕೈಯಲ್ಲಿ ಹಿಡಿದು ಅವರ ಉಸಿರು ಎಣಿಸತೊಡಗಿದೆ. ಅವರು ಕಣ್ಣು ತೆರೆಯದೆ, "ಹೋದ್ವೇನು?" ಎಂದರು.

"ಇಲ್ಲ ಸಿಸ್ಟರ್. ಇವತ್ತು ಒಂದೂ ಹೋಗ್ಲಿಲ್ಲ. ಎಲ್ಲಾ ಅಲ್ಲೇ ಇವೆ."

ಸಿಸ್ಟರ್ ಮುಖ ಅರಳಿತು. ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡು, "ಹಂಗಾದ್ರ ಈ ಸಲ ನಾನ ಮೊದಲ ಹೊಂಟೆ" ಎಂದು ನಕ್ಕರು. ಸದ್ದಿಲ್ಲದ ನಗು, ಎದೆ ಮಾತ್ರ ಕುಣಿಯಿತು. ಆ ನಗುವಿನಲ್ಲಿ ನನ್ನ ಎಣಿಕೆ ತಪ್ಪಿಹೋಯಿತು. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು, ಮತ್ತೆ ಒಂದರಿಂದ ಎಣಿಸಿದೆ, ಪೂರ್ತಿ ಒಂದು ನಿಮಿಷ. ಹನ್ನೊಂದು ಬಂತು. ಹನ್ನೊಂದೆಂದೇ ಬರೆದೆ.